ತಾಡಪತ್ರಿಯ ಮೇಲೆ ಬೀಳದ ಚೆಂಡು

ನನ್ನ ಕುತ್ತಿಗೆಯ ರೋಗ ಮೊದಲು ಕಾಣಿಸಿಕೊಂಡದ್ದು ನನ್ನ ಗಾಲ್ಫ್ ಆಟದಲ್ಲಿ. ಹೀಗೆ ಹೇಳಿದರೆ ಶಹಾಪುರದಲ್ಲಿ ಜನ ಈಗಲೂ ನಗುತ್ತಾರೆ. ನಗಲಿ, ನನಗೇನು. ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವನಿಗೆ ಗಾಲ್ಫಿನ ಉಸಾಬರಿ ಯಾಕೆ ಎಂದು ನನ್ನ ಹೆಂಡತಿ ಶಾಂತಾ ಕೇಳುತ್ತಲೇ ಬಂದಿದ್ದಾಳೆ, ನಾನು ಸರಿಯಾದ ಉತ್ತರ ಕೊಟ್ಟಿದ್ದೇ ಇಲ್ಲ. ಆದರೆ ರೋಗದ ಸುಳಿವು ಸಿಕ್ಕಿದ್ದು ಆ ಆಟದಿಂದ, ಅದನ್ನು ಗುರುತಿಸಲು ತಡವಾದದ್ದೂ ಆ ಆಟದಿಂದಲೇ. ಕೈ ಜೋಮು ಹಿಡಿದಿದೆ, ಅಂಗಿಯ ಗುಂಡಿ ಹಾಕಲು ಬರುತ್ತಿಲ್ಲ, ವಯಸ್ಸಾಯಿತು ಬಿಡು ಎಂದು ಸುಮ್ಮನಿರುವವರು ನಮ್ಮ ಕಡೆ ಬಹಳ ಇದ್ದಾರೆ. ಅವರಲ್ಲಿ ಒಬ್ಬರಾದರೂ ಓದಲಿ ಎಂದು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಬೀಜದ ಕಂಪನಿಯೊಂದು ನಮ್ಮಂಥ ಡೀಲರುಗಳನ್ನು ಒಂದು ರಿಸಾರ್ಟಿಗೆ ಕರೆದುಕೊಂಡು ಹೋಗಿತ್ತು. ಉಳಿದವರೆಲ್ಲ ಪ್ಯಾಂಟು ಮಡಚಿ ಈಜುಕೊಳದಲ್ಲಿ ಕಾಲು ಇಳಿಬಿಟ್ಟು ಕೂತರು. ನಾನು ಹುಲ್ಲಿನ ಮೇಲೆ ಅಡ್ಡಾಡುತ್ತಿದ್ದಾಗ ಅಲ್ಲಿನ ಕೋಚ್ ಒಬ್ಬ ಅಗಲ ಮೂತಿಯ ಒಂದು ಕೋಲು ಕೊಟ್ಟು, ದೂರ ಹೊಡೆಯಬೇಡಿ, ಮೆಲ್ಲಗೆ ಎತ್ತಿ ಆ ಬಾವುಟದ ಹತ್ತಿರ ಇಳಿಸಿ ಎಂದ. ಮೊದಲಿನ ಹೊಡೆತಗಳೆಲ್ಲ ಹಾಳಾದವು. ಆಮೇಲೆ ಒಂದು ಚೆಂಡು ಎದ್ದಿತು, ಗಾಳಿಯಲ್ಲಿ ಒಂದು ಕ್ಷಣ ನಿಂತಂತೆ ಮಾಡಿತು, ನಾನು ಎಲ್ಲಿ ನೋಡಿದ್ದೆನೋ ಅಲ್ಲೇ ಬಿದ್ದು ಎರಡು ಉರುಳು ಉರುಳಿ ನಿಂತಿತು. ಕೈಗೆ ಏನೂ ತಾಗಲೇ ಇಲ್ಲ ಅನ್ನಿಸಿತು. ಅದಕ್ಕೆ ಪಿಚ್ ಶಾಟ್ ಅನ್ನುತ್ತಾರಂತೆ. ನನಗೆ ಹುಚ್ಚು ಹಿಡಿಯಲು ಅಷ್ಟು ಸಾಕಾಯಿತು.

ಹೈದರಾಬಾದಿನ ಪರಿಚಯದವರೊಬ್ಬರಿಂದ ಅಂಥದೇ ಒಂದು ಹಳೆಯ ಕೋಲು, ಕೈಚೀಲದ ತುಂಬ ಚೆಂಡು ತರಿಸಿಕೊಂಡೆ. ಪೂರಾ ಗಾಲ್ಫ್ ಆಡಲು ನಮ್ಮ ಜಿಲ್ಲೆಯಲ್ಲಿ ಎಲ್ಲಿದೆ ಮೈದಾನ? ಆದರೆ ಪಿಚ್ ಶಾಟಿಗೆ ಒಂದು ತುಂಡು ಹೊಲ ಸಾಕು. ನಮ್ಮೂರ ಹತ್ತಿರದ ಸಗರದಲ್ಲಿ ನನ್ನ ತಮ್ಮನ ಗದ್ದೆಯ ಪಕ್ಕ, ಕೆನಾಲಿನ ಏರಿಗೆ ಹತ್ತಿಕೊಂಡು ಕರಿಕೆ ಹುಲ್ಲು ಬೆಳೆದ ಜಾಗವಿದೆ. ಅಂಗಡಿಯ ಚೀಲಗಳಿಗೆ ಹೊದಿಸುತ್ತಿದ್ದ ಹಳೆಯ ತಾಡಪತ್ರಿ ಅಲ್ಲಿ ಹಾಸಿದೆ. ಚೆಂಡು ಅದರ ಮೇಲೆ ಬಿದ್ದರೆ ಗೆದ್ದೆ, ಇಲ್ಲದಿದ್ದರೆ ಇಲ್ಲ. ಭತ್ತದ ಗದ್ದೆಗೆ ನೀರು ಬಿಡಲು ಬಂದವರು ನಿಂತು ನೋಡಿ, "ಸಾವ್ಕಾರ್ರು ತಾಡಪತ್ರಿಗೆ ಗುರಿ ಹಿಡಿದಾರ" ಎಂದು ಹೇಳಿಕೊಂಡು ಹೋಗುತ್ತಿದ್ದರು.

ಈ ಆಟಕ್ಕೆ ನನಗೊಬ್ಬ ಗುರು ತಾನಾಗಿಯೇ ಒದಗಿದ. ರಜಾಕ್ ಮಾಸ್ತರ್, ನಿವೃತ್ತ ಪಿ.ಟಿ. ಮಾಸ್ತರ್, ನನ್ನ ಹಳೆಯ ಗೆಳೆಯ. ಗಾಲ್ಫ್ ಕೋಲನ್ನು ಜನ್ಮದಲ್ಲಿ ಮುಟ್ಟಿದವನಲ್ಲ, ಆದರೆ ಆಟ ಯಾವುದಾದರೇನು, ಮೈ ಒಂದೇ ಎನ್ನುವ ಧೈರ್ಯ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಬಂದು ನನಗೆ ಪಾಠ ಮಾಡುತ್ತಿದ್ದ. ಕೋಲನ್ನು ಹಿಂದಕ್ಕೆ ಎಷ್ಟು ಒಯ್ಯುತ್ತೀರೋ ಮುಂದಕ್ಕೂ ಅಷ್ಟೇ ಒಯ್ಯಬೇಕು, ಚೆಂಡಿನ ಹತ್ತಿರ ಬಂದಾಗ ಹೆದರಿ ನಿಧಾನ ಮಾಡಬಾರದು, ಮಣಿಕಟ್ಟು ತಿರುವಬಾರದು, ಎದೆ ತಿರುಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹಿಡಿತ ಹಗುರ ಇರಬೇಕು. ತಟ್ಟಿದ ಹಸಿ ರೊಟ್ಟಿಯನ್ನು ಹೆಂಗಸರು ಹಂಚಿಗೆ ಹಾಕಲು ಎತ್ತುತ್ತಾರಲ್ಲ, ಅಷ್ಟು ಹಗುರ. ಆಗ ಕೋಲಿನ ತುದಿಯ ಭಾರ ಅಂಗೈಗೆ ತಿಳಿಯುತ್ತದೆ, ಹೊಡೆತ ಎಷ್ಟು ದೂರ ಹೋಗಬೇಕೆಂಬುದನ್ನು ಅಂಗೈಯೇ ಲೆಕ್ಕ ಹಾಕುತ್ತದೆ. ಒಂದು ಕಾಲಕ್ಕೆ ನನ್ನ ಚೆಂಡುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾಡಪತ್ರಿಯ ಮೇಲೆ ಬೀಳುತ್ತಿದ್ದವು. ನನಗೆ ಸೊಕ್ಕು ಬಂದಿತ್ತು ಎಂದರೂ ತಪ್ಪಿಲ್ಲ.

ಆಮೇಲೆ ಆಟ ಕೆಟ್ಟಿತು. ಒಂದೇ ದಿನಕ್ಕಲ್ಲ. ಕೋಲು ಚೆಂಡಿಗಿಂತ ಮೊದಲು ನೆಲಕ್ಕೆ ಕಚ್ಚಿ ಎರೆಮಣ್ಣು ಹಾರುತ್ತಿತ್ತು. ಇಲ್ಲವೇ ಚೆಂಡಿನ ನೆತ್ತಿಗೆ ತಾಗಿ ಅದು ನೆಲ ಸವರಿಕೊಂಡು ಹೋಗಿ ಕೆನಾಲಿಗೆ ಬೀಳುತ್ತಿತ್ತು. ಕೋಲಿನ ತುದಿ ಎಲ್ಲಿದೆ ಎಂಬುದೇ ಕೈಗೆ ತಿಳಿಯುತ್ತಿರಲಿಲ್ಲ. ರಜಾಕ್ ಮಾಸ್ತರ್ ಸೊಂಟದ ಮೇಲೆ ಕೈ ಇಟ್ಟು ನಿಂತು ನೋಡಿ ತೀರ್ಪು ಕೊಟ್ಟ.

"ಹಿಡಿತಾನೇ ಕೆಟ್ಟದ ಸಾವ್ಕಾರ್ರ. ಕೋಲು ಕೈಯಾಗ ತಿರುಗಾಕತ್ತದ. ಜರಾ ಬಿಗಿ ಹಿಡೀರಿ."

ಬಿಗಿ ಹಿಡಿದೆ, ಇನ್ನೂ ಕೆಟ್ಟಿತು. ತಲೆ ಬಗ್ಗಿಸಿ ಚೆಂಡನ್ನೇ ನೋಡಿ ಎಂದ. ತಲೆ ಬಗ್ಗಿಸಿದಾಗಲೆಲ್ಲ ಕುತ್ತಿಗೆಯಿಂದ ಸೊಂಟದವರೆಗೆ ಕರೆಂಟ್ ಹೊಡೆದಂತೆ ಝುಂ ಎನ್ನುತ್ತಿತ್ತು. ಅದನ್ನೂ ಅವನಿಗೆ ಹೇಳಿದೆ. ನಿಲ್ಲುವ ರೀತಿ ಸರಿಯಿಲ್ಲ, ಮೊಣಕಾಲು ಮಡಚಿ ಎಂದ. ಇಬ್ಬರೂ ಸೇರಿ ಕೋಲಿನ ಹಿಡಿಕೆಗೆ ಸೈಕಲ್ಲಿನ ಟ್ಯೂಬು ಸುತ್ತಿದೆವು. ಹಿಡಿಕೆ ದಪ್ಪವಾದ ಮೇಲೆ ತುಸು ಸುಧಾರಿಸಿದಂತೆ ಕಂಡಿತು. ಇಬ್ಬರು ಶಾಣ್ಯಾರೂ ಖುಷಿಪಟ್ಟೆವು!

ಅದೇ ಹೊತ್ತಿಗೆ ಅಂಗಡಿಯಲ್ಲಿ ಬೀಜದ ಪಾಕೀಟು ಕೈಯಿಂದ ಜಾರುತ್ತಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳಲು ಕನ್ನಡಿ ಬೇಕಾಗುತ್ತಿತ್ತು. ಹೊಲದ ಬದುವಿನ ಮೇಲೆ ಎಡವುತ್ತಿದ್ದೆ, ಚಪ್ಪಲಿಗೆ ಬೈಯುತ್ತಿದ್ದೆ. ಚೆಂಡಿನ ತಪ್ಪು ಆಟದ್ದು, ಗುಂಡಿಯ ತಪ್ಪು ಕಾಜಾದ್ದು, ಎಡವಿದ ತಪ್ಪು ಚಪ್ಪಲಿಯದು. ಇವೆಲ್ಲ ಒಂದೇ ಮನೆಯ ಮಕ್ಕಳು ಎಂದು ನನಗೆ ಹೊಳೆಯಲಿಲ್ಲ. ಶಾಂತಾ ಮಾತ್ರ ನನ್ನ ಕೈಯನ್ನು ಗಮನಿಸುತ್ತಿದ್ದಳು.

"ಕೈ ಯಾಕ ಹಂಗ ನಡಗಾಕತ್ತಾವರಿ? ಆ ಕೋಲು ಬಿಡ್ರಿ ಮೊದಲ, ಅದರಿಂದಾನೇ ಆಗ್ಯಾದ ಇದು" ಎಂದಳು. ನಾನು ಬಿಡಲಿಲ್ಲ. ರೂಢಿ ಹೆಚ್ಚಿಸಿದರೆ ಸರಿಹೋಗುತ್ತದೆ ಎಂದು ಇನ್ನೂ ಹೆಚ್ಚು ಆಡಿದೆ.

ನನ್ನ ಕಣ್ಣು ತೆರೆಸಿದ್ದು ಪೂಜೆ. ದಿನಾ ನಸುಕಿನಲ್ಲಿ ಸ್ನಾನ ಮಾಡಿ, ಕೊರಳಲ್ಲಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು ಪೂಜೆ ಮಾಡುವುದು ನಮ್ಮಲ್ಲಿ ರೂಢಿ. ದೃಷ್ಟಿ ಲಿಂಗದ ಮೇಲೆಯೇ ಇರುತ್ತದೆ. ಒಂದು ದಿನ ಪೂಜೆಯ ನಡುವೆ ಕರೆಂಟ್ ಹೋಯಿತು. ಕತ್ತಲಾದ ಕೂಡಲೇ ನನ್ನ ಅಂಗೈ ಖಾಲಿಯಾಯಿತು. ಲಿಂಗ ಬಿದ್ದಿದೆ ಎಂದುಕೊಂಡೆ. ಬಗ್ಗಿ ಎರಡೂ ಕೈಯಿಂದ ಮಣೆಯ ಸುತ್ತ ತಡಕಾಡಲು ಹೋದೆ. ಆಗ ಟಕ್ ಎಂದು ಸದ್ದಾಯಿತು. ಲಿಂಗ ಅಲ್ಲಿಯವರೆಗೂ ನನ್ನ ಅಂಗೈಯಲ್ಲೇ ಇತ್ತು. ಹುಡುಕಲು ಹೋಗಿ ನಾನೇ ಅದನ್ನು ಕೆಡವಿದ್ದೆ.

ಶಾಂತಾ ಮೊಬೈಲಿನ ಬೆಳಕು ಹಿಡಿದು ಓಡಿ ಬಂದಳು. ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡಳು. ಕರೆಂಟ್ ಬಂದ ಮೇಲೆ ನಾನು ಕಣ್ಣು ಮುಚ್ಚಿಕೊಂಡು, ಮತ್ತೆ ನನ್ನ ಅಂಗೈಯಲ್ಲಿ ಇಡು ಎಂದೆ. ಇಟ್ಟೀನಿ ಎಂದಳು. ನನಗೆ ತಿಳಿಯಲಿಲ್ಲ. ಆ ದಿನ ನನಗಾದ ಭಯವನ್ನು ನಾನು ಆಮೇಲೆ ಆಪರೇಷನ್ ಟೇಬಲ್ಲಿನ ಮೇಲೂ ಅನುಭವಿಸಲಿಲ್ಲ.

ಲಿಂಗ ಬಿದ್ದದ್ದಕ್ಕೆ ಏನು ಪ್ರಾಯಶ್ಚಿತ್ತ ಎಂದು ಕೇಳಲು ಶಾಂತಾ ನನ್ನನ್ನು ಮಠಕ್ಕೆ ಕರೆದುಕೊಂಡು ಹೋದಳು. ಅಯ್ಯನವರು ವಯಸ್ಸಾದವರು. ಎಲ್ಲ ಕೇಳಿಸಿಕೊಂಡು, ಲಿಂಗಕ್ಕೆ ಮಾಡಬೇಕಾದ್ದನ್ನು ಮಾಡಿ, ನನ್ನ ಎಡಗೈಯನ್ನು ಹಿಡಿದು ಅತ್ತಿತ್ತ ತಿರುಗಿಸಿ ನೋಡಿದರು. "ಇದಕ್ಕ ನನ್ನ ಹತ್ರ ಏನೂ ಇಲ್ಲಪ್ಪ. ನರದ ಡಾಕ್ಟರಿಗೆ ತೋರಸು. ನಾಳೆ ಅನಬ್ಯಾಡ" ಎಂದರು.

ಕಲಬುರಗಿಯ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಿಗಾಗಿ ಕಾಯುವವರಿಗೆ ಉದ್ದನೆಯ ಬೆಂಚುಗಳು. ಯಾದಗಿರಿಯಿಂದ ರೈಲಿಗೆ ಬಂದವರೇ ಅರ್ಧ ಮಂದಿ ಇದ್ದರು. ಪಕ್ಕದಲ್ಲಿ ರಾಮಸಮುದ್ರದ ಒಬ್ಬ ಅಜ್ಜಿ ಸೊಸೆಯ ಜೊತೆ ಬಂದಿದ್ದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಿಗೆ ನಾಚಿಕೆ ಇರುವುದಿಲ್ಲ, ಯಾರ ಮೈಯಲ್ಲಿ ಏನಿದೆ ಎಂದು ಸೀದಾ ಕೇಳುತ್ತಾರೆ. ಅಜ್ಜಿಯೂ ಕೇಳಿದಳು.

"ನಿನಗೇನಾಗ್ಯಾದೋ ತಮ್ಮಾ?"

"ಕೈಗೆ ಸ್ಪರ್ಶ ತಿಳಿಯಂಗಿಲ್ಲ ಅಜ್ಜಿ."

"ನನಗ ಕಾಲಿಗಿ. ಚಪ್ಪಲ್ ಎಲ್ಲಿ ಬಿಟ್ಟು ಬರ್ತೀನೋ ಗೊತ್ತಾಗಂಗಿಲ್ಲ" ಎಂದು ಅವಳು ನಕ್ಕಳು. ತನ್ನ ಗಂಟು ಬಿಚ್ಚಿ ಶೇಂಗಾದ ಹೋಳಿಗೆಯಲ್ಲಿ ಅರ್ಧ ಮುರಿದು ಶಾಂತಾಳಿಗೆ ಕೊಟ್ಟಳು. ಬೆಳಗಿನಿಂದ ಏನೂ ತಿನ್ನದೆ ಕೂತಿದ್ದ ಶಾಂತಾ ಅದನ್ನು ತಿಂದಳು. ನನಗೆ ಆ ಅಜ್ಜಿಯ ಮೇಲೆ ಬಹಳ ಪ್ರೀತಿ ಬಂತು.

ಡಾಕ್ಟರು ನನ್ನನ್ನು ಒಂದು ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲು ಹೇಳಿದರು. ಕುಡಿದವನಂತೆ ವಾಲಿದೆ. ಮುಷ್ಟಿ ಬೇಗ ಬೇಗ ಬಿಗಿದು ಬಿಚ್ಚಲು ಹೇಳಿದರು. ಬೆರಳುಗಳು ಜೇನಿನಲ್ಲಿ ಅದ್ದಿದಂತೆ ನಿಧಾನವಾಗಿ ಬಿಚ್ಚಿಕೊಂಡವು. ಸ್ಕ್ಯಾನಿಂಗಿನ ಕೊಳವೆಯೊಳಗೆ ಹೋಗುವ ಮೊದಲು ಮೈಮೇಲಿನ ಲೋಹವೆಲ್ಲ ತೆಗೆಯಬೇಕೆಂದಾಗ ಬೆಳ್ಳಿಯ ಕರಡಿಗೆಯನ್ನು ಶಾಂತಾಳ ಕೈಗೆ ಕೊಟ್ಟೆ. ಅವಳು ಅದನ್ನು ಸೆರಗಿನಲ್ಲಿ ಹಿಡಿದು ಬಾಗಿಲ ಹೊರಗೆ ನಿಂತೇ ಇದ್ದಳಂತೆ, ಕುರ್ಚಿ ಕೊಟ್ಟರೂ ಕೂರಲಿಲ್ಲವಂತೆ.

ಚಿತ್ರ ನೋಡಿ ಡಾಕ್ಟರು ಹೇಳಿದ್ದು ಇಷ್ಟು. ಕುತ್ತಿಗೆಯ ಮೂಳೆಗಳ ನಡುವಿನ ಬಿಲ್ಲೆ ಹಿಂದಕ್ಕೆ ಸರಿದು ಬೆನ್ನುಹುರಿಯನ್ನು ಅದುಮಿದೆ. ನಾನು ಚೆಂಡಿನ ವಿಷಯ, ತಲೆ ಬಗ್ಗಿಸಿದಾಗಿನ ಕರೆಂಟಿನ ವಿಷಯ ಎಲ್ಲ ಹೇಳಿದೆ. ಅವರು ನಗಲಿಲ್ಲ.

"ನಿಮ್ಮ ಆಟದಾಗ ತಪ್ಪೇನೂ ಇದ್ದಿಲ್ರಿ. ಅಂಗೈ ಹೇಳೋ ಸುದ್ದಿ ತಲಿಗೆ ಮುಟ್ಟಾಕತ್ತಿಲ್ಲ" ಎಂದರು. ಹಾಗೇ ಬಿಟ್ಟರೆ ಕಾಲೂ ಹೋಗಬಹುದು, ಆಪರೇಷನ್ ಆಗಬೇಕು ಎಂದರು. ಮಾಡಿಸಿದರೆ ಕೈ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದೆ. "ಇನ್ನ ಮುಂದ ಹೋಗೋದನ್ನ ತಡೀತೀವಿ. ಈಗಾಗಲೇ ಹೋಗಿದ್ದು ಎಷ್ಟು ಬರ್ತದ ಅಂತ ನಾನು ಮಾತು ಕೊಡಂಗಿಲ್ಲ."

ಸುಳ್ಳು ಸಮಾಧಾನ ಹೇಳದ ಆ ಮಾತು ಅಂದು ನನಗೆ ಸಿಟ್ಟು ತರಿಸಿತು. ಈಗ ಅದಕ್ಕಾಗಿ ಅವರಿಗೆ ಕೈಮುಗಿಯುತ್ತೇನೆ.

ಮನೆಯಲ್ಲಿ ಆಪರೇಷನ್ ಎಂಬ ಮಾತು ಎತ್ತಿದರೆ ಶಾಂತಾ ಎದ್ದು ಒಳಗೆ ಹೋಗುತ್ತಿದ್ದಳು. ಅದಕ್ಕೆ ಕಾರಣ ಸುರಪುರದಲ್ಲಿರುವ ಅವಳ ಸೋದರಮಾವ. ಬೆನ್ನಿನ ಆಪರೇಷನ್ ಮಾಡಿಸಿಕೊಂಡ ಮೇಲೆ ಆತ ಹಾಸಿಗೆ ಬಿಟ್ಟು ಏಳಲಿಲ್ಲ. ಅವರ ಮನೆತನದಲ್ಲಿ ಬೆನ್ನಿಗೆ ಕತ್ತಿ ಇಟ್ಟರೆ ಮುಗಿಯಿತು ಎಂಬುದು ಎಲ್ಲರ ಬಾಯಲ್ಲಿ ಕೂತಿತ್ತು. ಬಂದ ನೆಂಟರೂ ಅದನ್ನೇ ಹೇಳಿದರು. ಒಬ್ಬರು ಎಣ್ಣೆ ತಂದರು, ಒಬ್ಬರು ತಿಂಥಣಿಯ ಗುಡಿಯಿಂದ ಅಂಗಾರ ತಂದರು. ಎಣ್ಣೆ ಹಚ್ಚಿಕೊಂಡೆ, ಅಂಗಾರ ಇಟ್ಟುಕೊಂಡೆ, ನನ್ನ ನಡಿಗೆ ಮಾತ್ರ ದಿನದಿನಕ್ಕೆ ವಾಲುತ್ತಲೇ ಹೋಯಿತು.

ಕಡೆಗೆ ಶಾಂತಾ ಒಬ್ಬಳೇ ಬಸ್ಸು ಹತ್ತಿ ಸುರಪುರಕ್ಕೆ ಹೋದಳು. ನನಗೆ ಹೇಳಿದ್ದು ಮಾವನನ್ನು ಮಾತಾಡಿಸಿ ಬರುತ್ತೇನೆ ಎಂದಷ್ಟೇ. ಸಂಜೆ ಬಂದವಳು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ಹೇಳಿದಳು.

"ಮಾವನ್ನ ಕೇಳಿದೆ. ಆಪರೇಷನ್ನಿಂದ ನಾ ಹಿಂಗಾಗಿಲ್ಲವ್ವ ಅಂದ. ಆಗಲೇ ಕಾಲು ಹೋದ ಮ್ಯಾಲೆ ದವಾಖಾನಿಗಿ ಹೊತ್ಕೊಂಡು ಹೋಗಿದ್ರಂತ. ಎಲ್ಲಾರೂ ಬ್ಯಾಡ ಬ್ಯಾಡ ಅಂತ ವರ್ಷಗಟ್ಲೆ ಕೂಡಿಸಿದ್ರಂತ."

"ಮತ್ತ ಇಷ್ಟು ವರ್ಷ ಯಾಕ ಹೇಳಿಲ್ಲ?"

"ಯಾರೂ ಕೇಳಿಲ್ಲ ಅಂದ." ಅವಳು ಒಳಗೆ ಬಂದು ಗೋಡೆಗೆ ಆತು ಕೂತಳು. "ನಾಳೆ ಫೋನ್ ಮಾಡ್ರಿ ಡಾಕ್ಟರಿಗೆ."

ಆಪರೇಷನ್ನಿನ ದಿನ ಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲ ಎಂದು ಶಾಂತಾ ಹಟ ಹಿಡಿದಳು. ಕುತ್ತಿಗೆಯ ಮೇಲೆ ಏನೂ ಇರುವಂತಿಲ್ಲ ಎಂದು ಆಸ್ಪತ್ರೆಯವರು ಹಟ ಹಿಡಿದರು. ಕೊನೆಗೆ ಥಿಯೇಟರಿನ ನರ್ಸಮ್ಮ, ಗುರುಮಠಕಲ್ ಕಡೆಯವಳು, ಶುದ್ಧವಾದ ಬಟ್ಟೆಯಲ್ಲಿ ಲಿಂಗವನ್ನು ಸುತ್ತಿ ನನ್ನ ಬಲ ರಟ್ಟೆಗೆ ಕಟ್ಟಿದಳು. ಬಿಗಿಯಾಯಿತೇ ಎಂದು ಕೇಳಿದಳು. ರಟ್ಟೆಗೆ ಸ್ಪರ್ಶ ಇತ್ತು, ಬಿಗಿಯಾಗಿಲ್ಲ ಎಂದೆ. ಎಚ್ಚರಾದಾಗ ಅವಳೇ ಎದುರಿಗಿದ್ದಳು. "ಕಾಲು ಆಡಸ್ರಿ ನೋಡೋಣು" ಎಂದಳು. ಎರಡೂ ಆಡಿದವು. ಅಳು ಬಂತು, ಆದರೆ ಆಪರೇಷನ್ ಕುತ್ತಿಗೆಯ ಮುಂಭಾಗದಿಂದ ಮಾಡಿದ್ದರಿಂದ ಗಂಟಲು ಊದಿಕೊಂಡು ಅಳಲೂ ಬರಲಿಲ್ಲ.

ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಅಂಗಾತ ಬಿದ್ದುಕೊಂಡಿದ್ದ ಆ ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಕಿಟಕಿಯಿಂದ ಮಲಗಿದ ಬುದ್ಧನ ಆಕಾರದ ನಮ್ಮೂರ ಬೆಟ್ಟ ಕಾಣುತ್ತಿತ್ತು. ಇಬ್ಬರದೂ ಒಂದೇ ಕಸುಬಾಯಿತು ಎಂದುಕೊಳ್ಳುತ್ತಿದ್ದೆ. ಅಂಬಲಿ ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ನೋಡಲು ಬಂದ ರಜಾಕ್ ಮಾಸ್ತರ್ ಮಾತಿನ ಮಲ್ಲ, ಅಂದು ಮಾತ್ರ ಟೋಪಿ ಕೈಯಲ್ಲಿ ತಿರುಗಿಸುತ್ತ ಕೂತ.

"ನಾನು ಬಿಗಿ ಹಿಡೀರಿ, ಬಿಗಿ ಹಿಡೀರಿ ಅಂತಿದ್ದೆ. ಮಾಫ್ ಮಾಡ್ರಿ" ಎಂದ.

"ನೀವೇನು ನರದ ಡಾಕ್ಟರೇನ್ರಿ? ಸೈಕಲ್ ಟ್ಯೂಬ್ ಸುತ್ತಿದ್ದು ನಾನೂ ಕೂಡೇ ಅಲ್ಲೇನು" ಎಂದೆ, ನನ್ನ ಕೀರಲು ದನಿಯಲ್ಲಿ. ಆ ದನಿ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ. ನನಗೂ.

ಬರಬರುತ್ತ ಕಾಲು ಗಟ್ಟಿಯಾಯಿತು. ಕರೆಂಟ್ ಹೊಡೆಯುವುದು ನಿಂತಿತು. ಬಲಗೈ ಬಹುಪಾಲು ಮರಳಿ ಬಂತು. ಎಡಗೈ ಮಾತ್ರ ದಪ್ಪ ಬಟ್ಟೆ ಸುತ್ತಿದಂತೆಯೇ ಉಳಿಯಿತು. ಕಣ್ಣು ಮುಚ್ಚಿ ವಸ್ತುಗಳನ್ನು ಗುರುತಿಸುವ ಅಭ್ಯಾಸ ಮಾಡಿ ಎಂದು ಫಿಸಿಯೋಥೆರಪಿಯವರು ಹೇಳಿದ್ದರು. ಅಂಗಡಿಯಲ್ಲಿ ತೊಗರಿಯ ಚೀಲಕ್ಕೂ ಜೋಳದ ಚೀಲಕ್ಕೂ ಕೈ ಹಾಕಿ ನೋಡುತ್ತಿದ್ದೆ. ಕಾಳು ಎಷ್ಟು ಒಣಗಿದೆ ಎಂದು ಮುಟ್ಟಿ ಹೇಳುತ್ತಿದ್ದ ಕೈ ಅದು. ಈಗ ಅದಕ್ಕೆ ತೊಗರಿ ಯಾವುದು, ಜೋಳ ಯಾವುದು ಎಂದೂ ತಿಳಿಯಲಿಲ್ಲ. ಒಂದು ದಿನ ಸಿಟ್ಟಿಗೆ ಚೀಲವನ್ನೇ ಒದ್ದೆ. ಕಾಳು ಚೆಲ್ಲಾಡಿದವು, ನಾನೇ ಕೂತು ಬಳಿದೆ. ಆಪರೇಷನ್ ಆದವರಿಗೆ ಇದನ್ನು ಯಾರೂ ಹೇಳುವುದಿಲ್ಲ: ಬದುಕಿದ ಖುಷಿ ಬೇಗ ಮುಗಿದು ಹೋಗುತ್ತದೆ, ಆಮೇಲೆ ಬರಿ ಮರಳಿ ಬಾರದ್ದರ ಮೇಲೆಯೇ ಕಣ್ಣು ಹೋಗುತ್ತದೆ.

ಮೆಲ್ಲಗೆ ಆಡುವುದಾದರೆ ಆಡಿ, ಜೋರಾಗಿ ಬೀಸಬೇಡಿ ಎಂದು ಡಾಕ್ಟರು ಒಪ್ಪಿದ ಮೇಲೆ ಸಗರಕ್ಕೆ ಹೋದೆ. ಬದುವಿನ ಮೇಲೆ ಒಬ್ಬನೇ ನಡೆಯಬಾರದೆಂದು ಶಾಂತಾ ಜೊತೆಗೆ ಬಂದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ಆಟ ನೋಡಲು ಬಂದದ್ದು ಅದೇ ಮೊದಲು. ಏರಿಯ ಮೇಲೆ ಕೂತು, ಎಡಗಡೆ ರಜಾಕ್ ಮಾಸ್ತರ್, ಬಲಗಡೆ ನೀರಿನ ಬಾಟಲಿ, ಪಂಚಾಯತಿಗೆ ಬಂದವಳಂತೆ ನೋಡುತ್ತಿದ್ದಳು.

ಮೊದಲ ಚೆಂಡಿಗೆ ಕೋಲು ನೆಲ ಕಚ್ಚಿತು. ಎರಡನೆಯದಕ್ಕೂ ಅದೇ. ಮೂರನೆಯದು ಕೆನಾಲಿಗೆ ಹೋಯಿತು.

"ಹಿಡಿತ ಬಿಗಿ ಆಗ್ಯಾದ" ಎಂದ ಮಾಸ್ತರ್, ಈ ಸಲ ಬಹಳ ಅಂಜುತ್ತ.

"ಇಲ್ರಿ, ಸಡಿಲೇ ಹಿಡಿದೀನಿ" ಎಂದೆ. ನಿಜವಾಗಿಯೂ ನನಗೆ ಸಡಿಲವೆಂದೇ ಅನ್ನಿಸುತ್ತಿತ್ತು. ಇನ್ನೊಂದು ಹೊಡೆದೆ, ಮಣ್ಣು ಹಾರಿತು. ಇದು ನನ್ನ ಹಣೆಬರಹ, ಇನ್ನು ಸಾಕು ಎಂದು ಕೋಲು ಬಿಸಾಡಿದೆ. ಕಣ್ಣಲ್ಲಿ ನೀರು ಬಂದಿತ್ತು. ಅದು ಕಾಣಬಾರದೆಂದು ಗದ್ದೆಯ ಕಡೆ ತಿರುಗಿ ನಿಂತೆ.

ಶಾಂತಾ ಏರಿಯಿಂದ ಇಳಿದು ಬಂದಳು. ಕೋಲು ಎತ್ತಿಕೊಂಡಳು, ಆದರೆ ನನಗೆ ಕೊಡಲಿಲ್ಲ. ತನ್ನ ಬಲಗೈ ಮುಂದೆ ಚಾಚಿದಳು.

"ಇದನ್ನ ಹಿಡೀರಿ. ಎಡಗೈಲೆ. ಕೋಲು ಹೆಂಗ ಹಿಡೀತಿದ್ರಿ ಹಂಗ."

ಮಾಸ್ತರನ ಎದುರಿಗೆ ಹೆಂಡತಿಯ ಕೈ ಹಿಡಿಯಲು ನಾಚಿಕೆಯಾಯಿತು. ಆತ ಕೂಡಲೇ ಕೆನಾಲಿನಲ್ಲಿ ಚೆಂಡು ಹುಡುಕುವವನಂತೆ ಆಚೆ ಹೋದ. ನಾನು ಹಿಡಿದೆ, ಆದಷ್ಟು ಹಗುರವಾಗಿ.

ಅವಳ ಮುಖ ನೋಡಿದೆ. ತುಟಿ ಕಚ್ಚಿಕೊಂಡಿದ್ದಳು. ನನ್ನ ಬೆರಳುಗಳ ನಡುವೆ ಅವಳ ಬೆರಳು ಬೆಳ್ಳಗಾಗಿದ್ದವು.

"ನೋವಾಗಾಕತ್ತದೇನು?" ಗಾಬರಿಯಿಂದ ಕೇಳಿದೆ.

"ಹೂಂ."

"ಮತ್ತ ಹೇಳಬಾರದೇನು!"

"ಹೇಳಾಕತ್ತೀನಲ್ಲ. ಬಿಡಬ್ಯಾಡ್ರಿ, ಸಡಿಲ ಮಾಡ್ರಿ. ಇನ್ನ. ಇನ್ನ ಸ್ವಲ್ಪ." ನನಗೆ ಕೈ ಬಿಟ್ಟೇ ಹೋದಂತೆ, ಅವಳ ಕೈ ಇನ್ನೇನು ಬಿದ್ದುಬಿಡುತ್ತದೆ ಎಂಬಂತೆ ಅನ್ನಿಸಿತು. ಆಗ ಅವಳು ಎಂದಳು, "ಹಾಂ. ಇಷ್ಟ ಸಾಕು."

ಆ ಅಳತೆಯನ್ನು ನನ್ನ ಅಂಗೈ ನೆನಪಿಟ್ಟುಕೊಳ್ಳುವುದಿಲ್ಲ. ಒಂದು ರಾತ್ರಿ ಕಳೆದರೆ ಮರೆತುಬಿಡುತ್ತದೆ. ಅದಕ್ಕೇ ಸಗರಕ್ಕೆ ಹೋದಾಗಲೆಲ್ಲ ಕೋಲಿಗಿಂತ ಮೊದಲು ಅವಳ ಕೈ ಹಿಡಿಯುತ್ತೇನೆ, ನೋವಾದರೆ ಅವಳು ಹೇಳುತ್ತಾಳೆ.